ಬೆನ್ನುಮೂಳೆ ಶಸ್ತ್ರಚಿಕಿತ್ಸೆಗೆ ಹೊಂದಿಸಬಲ್ಲ ಓಟಿ ಟೇಬಲ್: ವಿನ್ಯಾಸಕ್ಕೊಂದು ಸಮಗ್ರ ಮಾರ್ಗದರ್ಶಿ

ಮರ ಕಪಾತು ಮಾಡುವಾಗ ಸಿಲ್ವರ್ ಓಕ್ ಮರದಿಂದ ಬಿದ್ದವರು, ಕರಿಮೆಣಸು ಕುಯ್ಯುವ ಏಣಿ ಜಾರಿ ಬಿದ್ದವರು, ಮಳೆಗಾಲದಲ್ಲಿ ಘಟ್ಟದ ತಿರುವಿನಲ್ಲಿ ವಾಹನ ಮಗುಚಿ ಗಾಯಗೊಂಡವರು: ಕೊಡಗಿನಲ್ಲಿ ಬೆನ್ನುಮೂಳೆಗೆ ಪೆಟ್ಟು ಬಿದ್ದು ಆಸ್ಪತ್ರೆ ಸೇರುವವರಲ್ಲಿ ಇಂಥವರು ಇದ್ದೇ ಇರುತ್ತಾರೆ. ಇವರನ್ನು ಮೈಸೂರಿಗೋ ಮಂಗಳೂರಿಗೋ ಸಾಗಿಸುವುದು ರೂಢಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ.; ಮಂಗಳೂರಿನ ದಾರಿಯಂತೂ 2018ರ ಆಗಸ್ಟ್‌ನ ಭೂಕುಸಿತದಲ್ಲಿ ಕಡಿದೇ ಹೋಗಿತ್ತು. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಪೊನ್ನಂಪೇಟೆಯಲ್ಲೂ ಕುಶಾಲನಗರದಲ್ಲೂ ಇಂಜಿನಿಯರಿಂಗ್ ಕಾಲೇಜುಗಳಿವೆ, ಕಾಫಿ ಸಂಸ್ಕರಣಾ ಯಂತ್ರಗಳ ಶಾಫ್ಟ್‌ಗಳನ್ನು ಲೇತ್‌ನಲ್ಲಿ ಕಡೆದು ಕೊಡುವ ನುರಿತ ಕೈಗಳೂ ಇವೆ. ಈ ಮೂರನ್ನು ಒಟ್ಟುಗೂಡಿಸಿ ಬೆನ್ನುಮೂಳೆ ಶಸ್ತ್ರಚಿಕಿತ್ಸೆಗೆಂದೇ ಒಂದು ಓಟಿ (ಆಪರೇಷನ್ ಥಿಯೇಟರ್) ಟೇಬಲ್ ವಿನ್ಯಾಸಗೊಳಿಸಲು ಹೊರಡುವವರಿಗಾಗಿ ಈ ಬರಹ. ಕೈಗೆ ಬಂದ ಟೇಬಲ್‌ಗೆ ದಿಂಬು ಜೋಡಿಸುವ ಉಪಾಯಗಳು ಇದರಲ್ಲಿಲ್ಲ. ಚೌಕಟ್ಟಿನ ಲೆಕ್ಕದಿಂದ ಪರವಾನಗಿಯವರೆಗಿನ ಕೆಲಸವನ್ನು ಕ್ರಮವಾಗಿ ವಿವರಿಸಲಾಗಿದೆ.

ಹಂತ 1: ಮೊದಲು ಹೊಟ್ಟೆಯನ್ನು ನೋಡಿ, ಆಮೇಲೆ ಬೆನ್ನನ್ನು

ಬೆನ್ನಿನ ಶಸ್ತ್ರಚಿಕಿತ್ಸೆಯಲ್ಲಿ ರೋಗಿಯನ್ನು ಸಾಮಾನ್ಯವಾಗಿ ಬೋರಲು ಮಲಗಿಸುತ್ತಾರೆ. ವಿನ್ಯಾಸಕಾರರ ಗಮನ ಸಹಜವಾಗಿಯೇ ಮೇಲೆ ಕಾಣುವ ಬೆನ್ನಿನ ಕಡೆಗೆ ಹೋಗುತ್ತದೆ. ಆದರೆ ಟೇಬಲ್ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ತೀರ್ಮಾನಿಸುವುದು ಕೆಳಗಿರುವ ಹೊಟ್ಟೆ. ಹೊಟ್ಟೆ ಟೇಬಲ್‌ಗೆ ಒತ್ತಿದರೆ ಒಳಗಿನ ಒತ್ತಡ ಏರಿ, ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ಅಭಿಧಮನಿ ಅದುಮಿಕೊಳ್ಳುತ್ತದೆ. ಅಲ್ಲಿ ದಾರಿ ಸಿಗದ ರಕ್ತ ಬೆನ್ನುಮೂಳೆಯ ಸುತ್ತಲಿನ ಅಭಿಧಮನಿಗಳ ಜಾಲಕ್ಕೆ ನುಗ್ಗುತ್ತದೆ. ಈ ಜಾಲಕ್ಕೆ ಕವಾಟಗಳಿಲ್ಲ ಎಂಬುದನ್ನು ಅಂಗರಚನಾ ತಜ್ಞ ಬ್ಯಾಟ್ಸನ್ 1940ರಲ್ಲಿ ವಿವರಿಸಿದ್ದಾರೆ. ಹಾಗಾಗಿ ರಕ್ತ ಯಾವ ದಿಕ್ಕಿಗಾದರೂ ಹರಿಯಬಲ್ಲದು. ಜಾಲ ಉಬ್ಬಿದರೆ ಶಸ್ತ್ರಚಿಕಿತ್ಸೆಯ ಜಾಗದಲ್ಲಿ ರಕ್ತ ಜಿನುಗುತ್ತಲೇ ಇರುತ್ತದೆ, ನರಗಳು ಸರಿಯಾಗಿ ಕಾಣುವುದಿಲ್ಲ. ಹೊಟ್ಟೆ ಒತ್ತಿದಾಗ ಶ್ವಾಸಕೋಶಕ್ಕೆ ಗಾಳಿ ತುಂಬಲೂ ಹೆಚ್ಚು ಒತ್ತಡ ಬೇಕಾಗುತ್ತದೆ.

ಆದ್ದರಿಂದ ವಿನ್ಯಾಸದ ಮೊದಲ ಷರತ್ತು ಇದು: ಎದೆ ಮತ್ತು ಸೊಂಟದ ಮೂಳೆಗಳು ಮಾತ್ರ ಭಾರ ಹೊರಬೇಕು, ಹೊಟ್ಟೆ ಯಾವುದಕ್ಕೂ ತಾಗದೆ ತೂಗಬೇಕು. 1967ರಲ್ಲಿ ವೈದ್ಯರಾದ ರೆಲ್ಟನ್ ಮತ್ತು ಹಾಲ್ ಪ್ರಕಟಿಸಿದ ನಾಲ್ಕು ಆಧಾರಗಳ ಚೌಕಟ್ಟಿನ ಹುರುಳೇ ಇದು. ಆ ಮೇಲೆ ಬಂದ ಜಾಕ್ಸನ್ ಟೇಬಲ್ ಕೂಡ ಎರಡು ತುದಿಗಳ ಕಂಬಗಳ ನಡುವೆ ಎರಡು ಉದ್ದ ಹಳಿಗಳನ್ನು ಹಾಯಿಸಿ, ಅವುಗಳ ಮೇಲೆ ಎದೆ, ಸೊಂಟ, ತೊಡೆಗಳ ಮೆತ್ತೆಗಳನ್ನು ಕೂರಿಸಿ ಇದನ್ನೇ ಸಾಧಿಸುತ್ತದೆ. ಇಲ್ಲಿ ನಾನು ಆ ಎರಡು ಕಂಬ, ಎರಡು ಹಳಿಗಳ ಮಾದರಿಯನ್ನೇ ಆಧಾರವಾಗಿ ತೆಗೆದುಕೊಂಡಿದ್ದೇನೆ. ನಡುಗಂಬದ ಸಾಮಾನ್ಯ ಟೇಬಲ್‌ನಲ್ಲಿ ಸಿ-ಆರ್ಮ್ (ಶಸ್ತ್ರಚಿಕಿತ್ಸೆಯ ನಡುವೆಯೇ ಎಕ್ಸ್-ರೇ ಚಿತ್ರ ತೋರಿಸುವ, ‘ಸಿ’ ಆಕಾರದ ತೋಳಿನ ಯಂತ್ರ) ಸೊಂಟದ ಭಾಗಕ್ಕೆ ಸಲೀಸಾಗಿ ಹೋಗದು ಎಂಬುದು ಇದಕ್ಕೆ ಇನ್ನೊಂದು ಕಾರಣ.

ಹಂತ 2: ಯಾವ ಶಸ್ತ್ರಚಿಕಿತ್ಸೆಗೆ ಯಾವ ಬಾಗು

ಸರ್ಜನ್ ಮತ್ತು ಅರಿವಳಿಕೆ ತಜ್ಞರನ್ನು ಒಟ್ಟಿಗೆ ಕೂರಿಸಿಕೊಂಡು ಟೇಬಲ್ ಮೇಲೆ ನಡೆಯಲಿರುವ ಶಸ್ತ್ರಚಿಕಿತ್ಸೆಗಳ ಪಟ್ಟಿ ಮಾಡಿ. ಒಬ್ಬರನ್ನೇ ಕೇಳಿದರೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಜಾರಿದ ಡಿಸ್ಕ್ ತೆಗೆಯುವಾಗ ಮೂಳೆಗಳ ನಡುವಿನ ಸಂದು ಅಗಲವಾದಷ್ಟೂ ಅನುಕೂಲ. ಅದಕ್ಕೆ ಸೊಂಟದ ಬಳಿ ಬೆನ್ನುಮೂಳೆಗಿರುವ ಸಹಜ ಒಳಬಾಗು ಕಡಿಮೆಯಾಗಬೇಕು, ಅಂದರೆ ತೊಡೆಗಳು ಮಡಚಿರಬೇಕು. ಸ್ಕ್ರೂ ಮತ್ತು ಸರಳುಗಳನ್ನು ಹಾಕಿ ಮೂಳೆಗಳನ್ನು ಬೆಸೆಯುವಾಗ ಇದಕ್ಕೆ ತದ್ವಿರುದ್ಧವಾದ ಸ್ಥಿತಿ ಬೇಕು. ಆಗ ಒಳಬಾಗು ಸಹಜವಾಗಿಯೇ ಉಳಿಯಬೇಕು. ಇಲ್ಲವಾದರೆ ಬೆನ್ನು ಚಪ್ಪಟೆಯಾಗಿಯೇ ಬೆಸೆದುಕೊಂಡು, ರೋಗಿ ಎದ್ದು ನಿಂತಾಗ ಮುಂದಕ್ಕೆ ಬಾಗಿಯೇ ನಡೆಯಬೇಕಾಗುತ್ತದೆ.

ಒಂದೇ ಟೇಬಲ್ ಎರಡಕ್ಕೂ ಒದಗಬೇಕಾದರೆ ಕಾಲುಗಳ ಆಧಾರವನ್ನು ಬದಲಾಯಿಸುವಂತಿರಬೇಕು. ಹಲಗೆಯ ಮೇಲೆ ಕಾಲು ಚಾಚಿದರೆ ತೊಡೆ ನೇರವಾಗಿ ಒಳಬಾಗು ಉಳಿಯುತ್ತದೆ. ಬಟ್ಟೆಯ ಜೋಲಿಯಲ್ಲಿ ಕಾಲು ಇಳಿಬಿಟ್ಟರೆ ತೊಡೆ ಮಡಚಿ ಬಾಗು ಕಡಿಮೆಯಾಗುತ್ತದೆ. ಮೋಟಾರ್ ಬೇಕಿಲ್ಲದ ಈ ಸರಳ ಬದಲಾವಣೆಯನ್ನು ಯಾವ ವಿನ್ಯಾಸದಲ್ಲೂ ಬಿಡಬಾರದು. ಕಮಾನಿನಾಕಾರದ ವಿಲ್ಸನ್ ಫ್ರೇಮ್‌ನಲ್ಲಿಯೂ ಹಿಡಿಕೆ ತಿರುಗಿಸಿ ಬಾಗನ್ನು ಬದಲಿಸಬಹುದು. ಆದರೆ ಅದರಲ್ಲಿ ತಲೆ ಹೃದಯಕ್ಕಿಂತ ಕೆಳಗಿಳಿಯುತ್ತದೆ. ಬೆನ್ನುಮೂಳೆ ಶಸ್ತ್ರಚಿಕಿತ್ಸೆಯ ನಂತರ ದೃಷ್ಟಿ ಹೋದವರ ಕುರಿತು 2012ರಲ್ಲಿ ಪ್ರಕಟವಾದ ಬಹುಕೇಂದ್ರ ಅಧ್ಯಯನವು ಅಪಾಯದ ಅಂಶಗಳಲ್ಲಿ ಬೊಜ್ಜು, ದೀರ್ಘ ಅರಿವಳಿಕೆ, ಹೆಚ್ಚಿನ ರಕ್ತಸ್ರಾವಗಳ ಜೊತೆಗೆ ಈ ಫ್ರೇಮ್‌ನ ಬಳಕೆಯನ್ನೂ ಗುರುತಿಸಿದೆ. ಹೊಸದಾಗಿ ವಿನ್ಯಾಸ ಮಾಡುವವರು ಆ ದಾರಿ ಹಿಡಿಯಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಂತ 3: ಎತ್ತರ ಮತ್ತು ವಾಲಿಕೆಯನ್ನು ಒಟ್ಟಿಗೇ ಲೆಕ್ಕ ಹಾಕಿ

ಸರ್ಜನ್‌ನ ಮೊಣಕೈ ನೆಲದಿಂದ 100 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಳ್ಳೋಣ. ಕೆಲಸದ ಜಾಗ ಮೊಣಕೈಗಿಂತ 5ರಿಂದ 10 ಸೆಂ.ಮೀ. ಕೆಳಗಿದ್ದರೆ ಭುಜ ನೋಯುವುದಿಲ್ಲ. ಬೋರಲು ಮಲಗಿದ ರೋಗಿಯ ಮೈದಪ್ಪ 22 ಸೆಂ.ಮೀ. ಎಂದರೆ ಮೆತ್ತೆಯ ಮೇಲ್ಮೈ ಸುಮಾರು 70 ಸೆಂ.ಮೀ. ಎತ್ತರದಲ್ಲಿರಬೇಕಾಗುತ್ತದೆ. ಗಿಡ್ಡ ಸರ್ಜನ್‌ಗೆ, ದಪ್ಪ ರೋಗಿಗೆ ಇನ್ನೂ ಕಡಿಮೆ. ಹೀಗಾಗಿ ಟೇಬಲ್ ಎಷ್ಟು ಮೇಲೇರುತ್ತದೆ ಎಂಬುದಕ್ಕಿಂತ ಎಷ್ಟು ಕೆಳಗಿಳಿಯುತ್ತದೆ ಎಂಬುದೇ ಮುಖ್ಯ. ಮೆತ್ತೆಯ ಮೇಲ್ಮೈ 65ರಿಂದ 110 ಸೆಂ.ಮೀ. ನಡುವೆ ಓಡಾಡುವಂತೆ ಇಟ್ಟುಕೊಳ್ಳಿ. ಕಂಬದ ಓಟ 450 ಮಿ.ಮೀ. ಆಯಿತು.

ಈಗ ವಾಲಿಕೆ. ಎರಡು ಕಂಬಗಳ ನಡುವಿನ ಅಂತರ 2000 ಮಿ.ಮೀ. ಇದ್ದು, ಒಂದು ಪೂರ್ತಿ ಮೇಲೆ, ಇನ್ನೊಂದು ಪೂರ್ತಿ ಕೆಳಗೆ ಇದ್ದರೆ ಸಿಗುವ ವಾಲಿಕೆ ಸುಮಾರು 12.7 ಡಿಗ್ರಿ. ತಲೆಯನ್ನು 10 ಡಿಗ್ರಿ ಎತ್ತರಿಸಲು ಸುಮಾರು 350 ಮಿ.ಮೀ. ವ್ಯತ್ಯಾಸ ಸಾಕು, ಎತ್ತರ ಹೊಂದಿಸಲು 100 ಮಿ.ಮೀ. ಉಳಿಯುತ್ತದೆ. ಬೋರಲು ಮಲಗಿದ ರೋಗಿಗೆ ಅದಕ್ಕಿಂತ ಹೆಚ್ಚಿನ ವಾಲಿಕೆ ಅಪರೂಪ. ಆದರೆ ಇಲ್ಲೊಂದು ತೊಡಕಿದೆ, ಕಾಗದದ ಮೇಲಿನ ಚಿತ್ರದಲ್ಲಿ ಅದು ಕಣ್ತಪ್ಪಿಸಿಕೊಳ್ಳುತ್ತದೆ. ಕಂಬಗಳು ನೆಲದಲ್ಲಿ ಸ್ಥಿರವಾಗಿದ್ದು ಚೌಕಟ್ಟು ವಾಲಿದಾಗ, ಎರಡು ಕೀಲುಗಳ ನಡುವಿನ ಓರೆ ಅಂತರ ಹೆಚ್ಚುತ್ತದೆ, 12.7 ಡಿಗ್ರಿಗೆ ಸುಮಾರು 50 ಮಿ.ಮೀ. ಹಳಿಗಳು ಹಿಗ್ಗಲಾರವು. ಆದ್ದರಿಂದ ಕಾಲಿನ ಕಡೆಯ ಕೀಲು ಅಷ್ಟು ದೂರ ಜಾರುವಂತಿರಬೇಕು. ತಲೆಯ ಕಡೆಯ ಕೀಲು ಜಾರಬಾರದು, ಏಕೆಂದರೆ ಉಸಿರಿನ ಕೊಳವೆ, ತಲೆಯ ಕ್ಲಾಂಪ್ ಎಲ್ಲವೂ ಆ ಕಡೆಗಿವೆ. ಜಾರುವ ಕೀಲಿಗೆ ಎರಡೂ ತುದಿಗಳಲ್ಲಿ ಗಟ್ಟಿ ತಡೆ ಇರಲಿ, ಹಳಿ ಕಳಚಿ ಬೀಳುವ ಸಾಧ್ಯತೆಯೇ ಇರಬಾರದು.

ಮೆತ್ತೆಗಳ ಅಗಲವನ್ನೂ ಹೊಂದಿಸುವಂತಿರಲಿ. ತೋಟದ ಲೈನ್ ಮನೆಯಿಂದ ಬರುವ 40 ಕೆ.ಜಿ.ಯ ಹೆಂಗಸಿಗೂ 110 ಕೆ.ಜಿ.ಯ ಗಂಡಸಿಗೂ ಒಂದೇ ಅಗಲ ಒಗ್ಗುವುದಿಲ್ಲ. ಸೊಂಟದ ಮೆತ್ತೆಗಳು ಒಳಕ್ಕೆ ಸರಿದರೆ ಹೊಟ್ಟೆಯನ್ನೂ ತೊಡೆಸಂದಿನ ರಕ್ತನಾಳಗಳನ್ನೂ ಒತ್ತುತ್ತವೆ, ಹೊರಕ್ಕೆ ಸರಿದರೆ ರೋಗಿ ನಡುವೆ ಕುಸಿಯುತ್ತಾನೆ.

ಹಂತ 4: ಹಳಿಯ ಲೆಕ್ಕ

ವೈದ್ಯಕೀಯ ವಿದ್ಯುತ್ ಉಪಕರಣಗಳ ಸಾಮಾನ್ಯ ಮಾನದಂಡ ಐಇಸಿ 60601-1 ವಯಸ್ಕ ರೋಗಿಗೆ ಕನಿಷ್ಠ 135 ಕೆ.ಜಿ. ಹಿಡಿಯುತ್ತದೆ. ಜೋಡಣೆಗಳಿಗೆ 15, ಮೇಲೆ ಒರಗುವ ಕೈಗಳಿಗೆ 50 ಸೇರಿಸಿ 200 ಕೆ.ಜಿ. ಎಂದುಕೊಳ್ಳಿ. ಒಂದೊಂದು ಹಳಿಗೆ ಸುಮಾರು 981 ನ್ಯೂಟನ್. ಅತಿ ಕೆಟ್ಟ ಪರಿಸ್ಥಿತಿಯೆಂದು ಪೂರ್ತಿ ಭಾರ ನಟ್ಟನಡುವೆ ಬಿತ್ತೆಂದು ಭಾವಿಸಿದರೆ, 2 ಮೀ. ಹಳಿಯಲ್ಲಿ ಬಾಗಿಸುವ ಮೊಮೆಂಟ್ ಸುಮಾರು 490 ನ್ಯೂಟನ್-ಮೀಟರ್.

304 ಸ್ಟೇನ್‌ಲೆಸ್ ಸ್ಟೀಲ್‌ನ 38 ಮಿ.ಮೀ. ಹೊರವ್ಯಾಸ, 3 ಮಿ.ಮೀ. ದಪ್ಪದ ಕೊಳವೆ ಬಳಸಿದರೆ ಒತ್ತಡ 183 ಮೆಗಾಪ್ಯಾಸ್ಕಲ್ ಬರುತ್ತದೆ. ಈ ಸ್ಟೀಲ್‌ನ ಕರ್ಷಣ ಬಲ, ಅಂದರೆ ಎಳೆದು ಮುರಿಯಲು ಬೇಕಾದ ಒತ್ತಡ, 515 ಮೆಗಾಪ್ಯಾಸ್ಕಲ್. ಅಂದರೆ ಸುರಕ್ಷತಾ ಗುಣಾಂಕ 2.8. ಸವೆಯದ, ಮೆದುವಾಗಿ ಎಳೆದುಕೊಳ್ಳಬಲ್ಲ ಲೋಹಕ್ಕೆ ಮಾನದಂಡ ಕೇಳುವುದು 2.5. ಹಾಗಾದರೆ ಈ ಕೊಳವೆ ಸಾಕೇ? ಸಾಲದು. ಅದೇ ಲೆಕ್ಕವನ್ನು ಮುಂದುವರಿಸಿದರೆ ಹಳಿ ನಡುವೆ 16.6 ಮಿ.ಮೀ. ಜೋಲುತ್ತದೆ. ಸರ್ಜನ್ ಸ್ಕ್ರೂ ಬಿಗಿಯಲು ಒತ್ತಿದಾಗಲೆಲ್ಲ ರೋಗಿ ತೂಗುಸೇತುವೆಯ ಮೇಲಿರುವವನಂತೆ ಅಲುಗುತ್ತಾನೆ. ಹೊರವ್ಯಾಸ 50 ಮಿ.ಮೀ. ಮಾಡಿ, ದಪ್ಪ ಅದೇ 3 ಇಟ್ಟರೆ ಒತ್ತಡ 100ಕ್ಕೂ ಜೋಲು 6.9 ಮಿ.ಮೀ.ಗೂ ಇಳಿಯುತ್ತದೆ. ಈ ಬಗೆಯ ಟೇಬಲ್‌ನಲ್ಲಿ ಮುರಿಯುವ ಭಯಕ್ಕಿಂತ ಬಾಗುವ ಭಯವೇ ಮುಂಚೆ ಬರುತ್ತದೆ. ಲೆಕ್ಕವನ್ನು ಅಲ್ಲಿಂದಲೇ ಆರಂಭಿಸಿ.

ಸ್ಟೀಲ್‌ನ ತೊಂದರೆ ಬೇರೆ: ಎಕ್ಸ್-ರೇಗೆ ಅದು ಗೋಡೆ. ಸಿ-ಆರ್ಮ್‌ನಲ್ಲಿ ಪಕ್ಕದಿಂದ ನೋಡುವಾಗ ಹಳಿಯ ನೆರಳು ನೇರವಾಗಿ ಮೂಳೆಯ ಮೇಲೆ ಬೀಳುತ್ತದೆ. ಆದ್ದರಿಂದ ಕತ್ತಿನಿಂದ ತ್ರಿಕಾಸ್ಥಿಯವರೆಗಿನ ಭಾಗದಲ್ಲಿ ಕಾರ್ಬನ್ ಫೈಬರ್ ಹಳಿಯೇ ಬೇಕು. ಪದರಗಳನ್ನು ಜೋಡಿಸಿದ ಬಗೆಯನ್ನು ಅನುಸರಿಸಿ ಅದರ ಬಿಗುಪು ಬದಲಾಗುತ್ತದೆ. 80 ಗಿಗಾಪ್ಯಾಸ್ಕಲ್ ಎಂದು ಹಿಡಿದರೆ 60 ಮಿ.ಮೀ. ಹೊರವ್ಯಾಸ, 6 ಮಿ.ಮೀ. ದಪ್ಪದ ಕೊಳವೆ ಸುಮಾರು 5.4 ಮಿ.ಮೀ. ಜೋಲುತ್ತದೆ, ಅಂದರೆ ಮೇಲಿನ ಸ್ಟೀಲ್‌ಗಿಂತಲೂ ವಾಸಿ. ಆದರೆ ಕಾರ್ಬನ್ ಫೈಬರ್ ಎಳೆದುಕೊಳ್ಳುವುದಿಲ್ಲ, ಸೀದಾ ಮುರಿಯುತ್ತದೆ; ಅಂಥ ವಸ್ತುವಿಗೆ ಕನಿಷ್ಠ ಗುಣಾಂಕ 4. ಇದನ್ನು ಊರಿನ ವರ್ಕ್‌ಶಾಪ್‌ನಲ್ಲಿ ಮಾಡಲು ಹೋಗಬೇಡಿ. ಪರೀಕ್ಷಾ ವರದಿ ಕೊಡುವ ತಯಾರಕರಿಂದ ಕೊಳ್ಳಿ. ಮೆತ್ತೆಗಳ ಕೆಳಗಿನ ತಟ್ಟೆಗಳಲ್ಲೂ ಒಂದೇ ಒಂದು ಲೋಹದ ಸ್ಕ್ರೂ ಉಳಿಯದಂತೆ ನೋಡಿಕೊಳ್ಳಿ, ಚಿತ್ರದಲ್ಲಿ ಅದು ಇಂಪ್ಲಾಂಟ್‌ನ ಸ್ಕ್ರೂ ಎಂದೇ ಭ್ರಮೆ ಹುಟ್ಟಿಸುತ್ತದೆ. ಎರಡು ಕಂಬಗಳನ್ನು ಕೂಡಿಸುವ ನೆಲದ ತೊಲೆ 10 ಸೆಂ.ಮೀ.ಗಿಂತ ಎತ್ತರವಿರದಿದ್ದರೆ ಸಿ-ಆರ್ಮ್‌ನ ಕೆಳತೋಳು ಅದರ ಮೇಲೆ ಹಾಯಬಲ್ಲದು.

ಹಂತ 5: ಚಲನೆ, ಬೀಗ ಮತ್ತು ರೋಗಿಯನ್ನು ತಿರುಗಿಸುವುದು

ಕಂಬವನ್ನು ಎತ್ತಲು ಹೈಡ್ರಾಲಿಕ್ ಸಿಲಿಂಡರ್ ಅಥವಾ ಮೋಟಾರ್ ತಿರುಗಿಸುವ ಸ್ಕ್ರೂ ಬಳಸಬಹುದು. ಹೈಡ್ರಾಲಿಕ್‌ನಲ್ಲಿ ಸೀಲ್ ಸವೆದಂತೆ ಟೇಬಲ್ ನಿಧಾನವಾಗಿ ತಾನೇ ಇಳಿಯುತ್ತದೆ, ಒಳಗೆ ಎಣ್ಣೆ ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಕೂಡ ಇದ್ದೇ ತೀರಬೇಕು. ಸೀಲ್ ಬದಲಿಸುವವರು ಹೊರಗಿನಿಂದ ಬರಬೇಕಾದ ಊರಿಗೆ ನಾನು ಸ್ಕ್ರೂವನ್ನೇ ಶಿಫಾರಸು ಮಾಡುತ್ತೇನೆ. 30 ಮಿ.ಮೀ. ವ್ಯಾಸ, 6 ಮಿ.ಮೀ. ಪಿಚ್‌ನ (ಒಂದು ಸುತ್ತಿಗೆ ಅಷ್ಟು ಏರುವ) ಟ್ರೆಪಿಜಾಯ್ಡಲ್ ಸ್ಕ್ರೂನ ಏರುಕೋನ, ಅಂದರೆ ಅದರ ಹಲ್ಲುಗಳ ಓರೆ, ಸುಮಾರು 4 ಡಿಗ್ರಿ. ಘರ್ಷಣೆ ಗುಣಾಂಕ 0.12 ಎಂದರೆ ಘರ್ಷಣಾ ಕೋನ 7 ಡಿಗ್ರಿ. ಘರ್ಷಣಾ ಕೋನ ದೊಡ್ಡದಿರುವವರೆಗೆ ಕರೆಂಟು ಹೋದರೂ ಸ್ಕ್ರೂ ಹಿಂದಕ್ಕೆ ತಿರುಗದು. ಇದರ ಬೆಲೆಯೆಂದರೆ ದಕ್ಷತೆ ಸುಮಾರು 36 ಶೇಕಡಾ ಮಾತ್ರ. ಒಳಗೆ ಗುಂಡುಗಳು ಉರುಳುವ ಬಾಲ್ ಸ್ಕ್ರೂ ನುಣುಪಾಗಿ ಓಡುತ್ತದೆ, ಆದರೆ ತನ್ನಷ್ಟಕ್ಕೆ ನಿಲ್ಲದು, ಬ್ರೇಕ್ ಬೇಕು. ಭಾರ ಹೊರುವ ನಟ್ ಸವೆಯುವ ಭಾಗವಾದ್ದರಿಂದ ಅದರ ಕೆಳಗೆ ಭಾರವಿಲ್ಲದ ಎರಡನೆಯ ನಟ್ ಇಡಿ. ಎರಡರ ನಡುವಿನ ಸಂದು ಕಿರಿದಾದಂತೆ ಸವೆತದ ಪ್ರಮಾಣ ಕಣ್ಣಿಗೇ ತಿಳಿಯುತ್ತದೆ.

ಬೆನ್ನುಮೂಳೆ ಮುರಿದು ಸಡಿಲವಾಗಿರುವ ರೋಗಿಯನ್ನು ಅಂಗಾತ ಸ್ಥಿತಿಯಿಂದ ಕೈಯಲ್ಲಿ ಬೋರಲು ಮಾಡುವುದು ಅಪಾಯದ ಕೆಲಸ. ಎರಡು ಚೌಕಟ್ಟುಗಳ ನಡುವೆ ರೋಗಿಯನ್ನು ಬಿಗಿದು 180 ಡಿಗ್ರಿ ತಿರುಗಿಸುವ ವ್ಯವಸ್ಥೆ ಇರುವುದು ಇದಕ್ಕಾಗಿಯೇ. ಇಡೀ ಟೇಬಲ್‌ನಲ್ಲಿ ಪ್ರಾಣಾಪಾಯಕ್ಕೆ ಅತಿ ಹತ್ತಿರದ ಜಾಗವೂ ಇದೇ. ತಿರುಗಿಸಿದ ಮೇಲೆ, ಈಗ ಮೇಲಕ್ಕೆ ಬಂದಿರುವ ಚೌಕಟ್ಟನ್ನು ತೆಗೆಯಲು ಪಿನ್ ಎಳೆಯಬೇಕು. ಎರಡೂ ಪಿನ್‌ಗಳು ಒಂದೇ ರೀತಿ ಕಂಡರೆ, ಅವಸರದಲ್ಲಿ ಕೆಳಗಿನದನ್ನು ಎಳೆದರೆ, ರೋಗಿ ನೆಲಕ್ಕೆ ಬೀಳುತ್ತಾನೆ. ಬಣ್ಣ ಹಚ್ಚಿ ಎಚ್ಚರಿಕೆಯ ಫಲಕ ಅಂಟಿಸಿದರೆ ಸಾಲದು. ಭಾರ ಇರುವಾಗ ಪಿನ್ ಹೊರಬರಲಾಗದಂತೆ ಅದಕ್ಕೆ ಕಚ್ಚು ಕೊಡಿ: ರೋಗಿಯ ತೂಕ ಕಚ್ಚಿನ ಮೇಲೆ ಕುಳಿತಿರುವಾಗ ಎಷ್ಟು ಎಳೆದರೂ ಅದು ಬರಬಾರದು. ತಿರುಗುವ ಬೀಗಕ್ಕೆ ಎರಡು ಬೇರೆ ಬೇರೆ ಕ್ರಿಯೆಗಳು ಬೇಕು, ಉದಾಹರಣೆಗೆ ಒಂದು ಹಿಡಿಕೆಯನ್ನು ಎತ್ತಿ ಹಿಡಿದುಕೊಂಡೇ ಇನ್ನೊಂದನ್ನು ತಿರುಗಿಸುವುದು. ತಿರುಗಿಸುವ ಕೆಲಸಕ್ಕೆ ಮೋಟಾರ್ ಹಾಕಬೇಡಿ. ಕೊಳವೆಯೋ ತಂತಿಯೋ ಸಿಕ್ಕಿಕೊಂಡರೆ ಕೈಗೆ ತಿಳಿಯುತ್ತದೆ, ಮೋಟಾರಿಗೆ ತಿಳಿಯದು.

ಹಂತ 6: ಮೆತ್ತೆಗಳು

ಹೊಟ್ಟೆಯನ್ನು ಭಾರದಿಂದ ಬಿಡಿಸಿದ್ದರ ಬೆಲೆಯನ್ನು ಎದೆ, ಸೊಂಟಗಳ ಚರ್ಮ ತೆರುತ್ತದೆ. 70 ಕೆ.ಜಿ.ಯ ರೋಗಿಯ 50 ಕೆ.ಜಿ. ಭಾರವನ್ನು ಎದೆ ಮತ್ತು ಸೊಂಟದ ಮೆತ್ತೆಗಳು ಹೊರುತ್ತವೆ ಎಂದುಕೊಳ್ಳಿ. ಎದೆಗೆ 15×25 ಸೆಂ.ಮೀ.ನ ಎರಡು, ಸೊಂಟಕ್ಕೆ 12×20 ಸೆಂ.ಮೀ.ನ ಎರಡು ಮೆತ್ತೆಗಳಿದ್ದರೆ ಒಟ್ಟು 1230 ಚದರ ಸೆಂ.ಮೀ.; ಸರಾಸರಿ ಒತ್ತಡ ಸುಮಾರು 30 ಮಿ.ಮೀ. ಪಾದರಸ. ಸೂಕ್ಷ್ಮ ರಕ್ತನಾಳಗಳು ಮುಚ್ಚಿಕೊಳ್ಳುವ ಒತ್ತಡವೆಂದು ಬಹುಕಾಲದಿಂದ ಬಳಸುತ್ತಿರುವ ಅಂಕಿ 32. ಅಂದರೆ ಸರಾಸರಿಯೇ ಅಂಚಿನಲ್ಲಿದೆ. ಸೊಂಟದ ಮೂಳೆಯ ಮುಂತುದಿ ಊರುವಲ್ಲಿ ಇದರ ಎಷ್ಟೋ ಪಟ್ಟು ಏರುತ್ತದೆ. ಆ ತುದಿಯ ಪಕ್ಕದಲ್ಲೇ ತೊಡೆಯ ಹೊರಭಾಗದ ಚರ್ಮಕ್ಕೆ ಹೋಗುವ ನರವಿದೆ. ಅದು ಅದುಮಿದರೆ ತೊಡೆ ವಾರಗಟ್ಟಲೆ ಜೋಮು ಹಿಡಿಯುತ್ತದೆ. ಹಾಗಾಗಿ ಸೊಂಟದ ಮೆತ್ತೆಯನ್ನು ಸಮತಟ್ಟಾಗಿ ಮಾಡದೆ, ಮೂಳೆಯ ತುದಿ ಕೂರುವಲ್ಲಿ ಮೃದುವಾದ ಫೋಮ್, ಸುತ್ತ ಗಟ್ಟಿ ಫೋಮ್ ಹಾಕಿ. ಎದೆಯ ಮೆತ್ತೆಯ ಮೇಲಂಚು ಕತ್ತಿಗೆ ತಾಗದಿರಲಿ. ಹೆಂಗಸರಲ್ಲಿ ಸ್ತನಗಳು ಒಳಬದಿಯಲ್ಲಿ ಒತ್ತಡವಿಲ್ಲದೆ ಇರುವಂತೆ ಒಳಅಂಚನ್ನು ಇಳಿಜಾರು ಮಾಡಿ.

ಮೆತ್ತೆಗೆ ಹೊಲಿಗೆ ಹಾಕಿಸಬೇಡಿ. ಸೂಜಿಯ ಒಂದೊಂದು ತೂತೂ ರಕ್ತಕ್ಕೆ ಬಾಗಿಲು. ಕೊಡಗಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಒಮ್ಮೆ ಒಳಹೊಕ್ಕ ನೀರು ಆರುವುದಿಲ್ಲ, ಫೋಮ್‌ಗೆ ಬೂಷ್ಟು ಹಿಡಿಯುತ್ತದೆ. ಅಂಚುಗಳನ್ನು ಶಾಖದಿಂದ ಬೆಸೆದ ಹೊದಿಕೆ ಬಳಸಿ. ಮೈಗೆ ತಾಗುವ ಬಟ್ಟೆಗೆ ಐಎಸ್‌ಒ 10993ರ ಜೈವಿಕ ಹೊಂದಾಣಿಕೆಯ ವರದಿ ಬೇಕು.

ಹಂತ 7: ತಲೆ, ತೋಳು, ಕಣ್ಣು

ಕಣ್ಣಿನ ಮೇಲೆ ಯಾವುದೂ ಒತ್ತಬಾರದು, ತಲೆ ಹೃದಯದ ಮಟ್ಟದಲ್ಲಿ ಅಥವಾ ಮೇಲಿರಬೇಕು. ಮುಖದ ಆಧಾರದ ಕೆಳಗೆ ಕನ್ನಡಿ ಇಟ್ಟರೆ ಅರಿವಳಿಕೆ ತಜ್ಞರು ಬಗ್ಗದೆಯೇ ಕಣ್ಣನ್ನೂ ಉಸಿರಿನ ಕೊಳವೆಯನ್ನೂ ನೋಡಬಹುದು. ಕತ್ತಿನ ಶಸ್ತ್ರಚಿಕಿತ್ಸೆಗೆ ತಲೆಬುರುಡೆಯನ್ನು ಅಲುಗದಂತೆ ಹಿಡಿಯುವ, ಮೂರು ಮೊನೆಗಳ ಮೇಫೀಲ್ಡ್ ಕ್ಲಾಂಪ್ ಕೂರಿಸಲು ತಲೆಯ ಕಡೆಯ ಕಂಬದಲ್ಲಿ ಜಾಗ ಬಿಡಿ. ತೋಳಿನ ಹಲಗೆಗಳು ಭುಜದಿಂದ 90 ಡಿಗ್ರಿಗಿಂತ ಹೆಚ್ಚು ತೆರೆಯಬಾರದು. ಮೀರಿದರೆ ಕಂಕುಳಿನ ನರಜಾಲ ಎಳೆದುಕೊಳ್ಳುತ್ತದೆ. ಎಷ್ಟು ತೆರೆಯಬೇಕೆಂಬುದನ್ನು ಸಿಬ್ಬಂದಿಯ ನೆನಪಿಗೆ ಬಿಡದೆ, ಕೀಲಿನಲ್ಲೇ ತಡೆ ಇಟ್ಟುಬಿಡಿ. ಜೋಡಣೆಗಳನ್ನು ಪಕ್ಕದ ಪಟ್ಟಿಗೆ ಸಿಕ್ಕಿಸುವುದಾದರೆ ಯುರೋಪಿನ ಅಳತೆ 25×10 ಮಿ.ಮೀ.; ಆಸ್ಪತ್ರೆಯಲ್ಲಿ ಈಗಾಗಲೇ ಇರುವ ಜೋಡಣೆಗಳ ಅಳತೆ ತೆಗೆದುಕೊಂಡೇ ಪಟ್ಟಿ ಕೊರೆಸಿ.

ಹಂತ 8: ಕರೆಂಟು ಮತ್ತು ತುಕ್ಕು

ರೋಗಿ ಮತ್ತು ಚೌಕಟ್ಟು ಸೇರಿ 250 ಕೆ.ಜಿ.ಯನ್ನು ಸೆಕೆಂಡಿಗೆ 10 ಮಿ.ಮೀ. ವೇಗದಲ್ಲಿ ಎತ್ತಲು ಬೇಕಾದ ಸಾಮರ್ಥ್ಯ ಕೇವಲ 25 ವ್ಯಾಟ್. ಸ್ಕ್ರೂನ ದಕ್ಷತೆ ಕಳೆದರೆ 70, ಗೇರ್ ಮತ್ತು ಮೋಟಾರ್ ನಷ್ಟ ಸೇರಿಸಿ 120 ಎನ್ನಿ. 24 ವೋಲ್ಟ್, 12 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಸುಮಾರು 288 ವ್ಯಾಟ್-ಅವರ್ ಇದೆ, 300 ಮಿ.ಮೀ. ಏರಿಕೆಗೆ ಒಂದು ವ್ಯಾಟ್-ಅವರ್ ಖರ್ಚು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೂ ದಿನವಿಡೀ ಚಿಂತೆಯಿಲ್ಲ. ಆದ್ದರಿಂದ ಟೇಬಲ್ ಯಾವಾಗಲೂ ಬ್ಯಾಟರಿಯಲ್ಲೇ ನಡೆಯಲಿ, ಕರೆಂಟು ಅದನ್ನು ಚಾರ್ಜ್ ಮಾಡಲು ಮಾತ್ರ. ಬ್ಯಾಟರಿಯೂ ಕೈಕೊಟ್ಟಾಗ ಕೈಯಿಂದ ತಿರುಗಿಸುವ ಹಿಡಿಕೆ ಇರಲಿ, ಅದನ್ನು ಟೇಬಲ್‌ಗೇ ಸಿಕ್ಕಿಸಿಡಿ.

ಕಾರ್ಬನ್ ಫೈಬರ್ ವಿದ್ಯುತ್ ವಾಹಕ. ಅಲ್ಯೂಮಿನಿಯಂ ಜೊತೆ ನೇರವಾಗಿ ಸೇರಿಸಿ ತೇವ ಸೋಕಿದರೆ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ಎರಡರ ನಡುವೆ ಗಾಜಿನ ನಾರಿನ ಪದರ ಕೊಡಿ. ಬ್ಲೀಚ್ ದ್ರಾವಣದಲ್ಲಿ ಒರೆಸುವ ಭಾಗಗಳಿಗೆ 304ರ ಬದಲು 316 ಸ್ಟೀಲ್, ಬೆಸುಗೆಗೆ ಆರ್ಗಾನ್ ವೆಲ್ಡಿಂಗ್. ಬೇರಿಂಗ್, ಬೋಲ್ಟ್, ಫ್ಯೂಸ್‌ಗಳು ಕುಶಾಲನಗರದ ಅಂಗಡಿಯಲ್ಲಿ ಸಿಗುವ ಅಳತೆಯವೇ ಆಗಿರಲಿ.

ಹಂತ 9: ಪರೀಕ್ಷೆ, ಕಾನೂನು, ಹಸ್ತಾಂತರ

ಓಟಿ ಟೇಬಲ್‌ಗೆ ಪ್ರತ್ಯೇಕ ಮಾನದಂಡ ಐಇಸಿ 60601-2-46; ಅಪಾಯಗಳ ಲೆಕ್ಕಕ್ಕೆ ಐಎಸ್‌ಒ 14971; ಗುಣಮಟ್ಟ ವ್ಯವಸ್ಥೆಗೆ ಐಎಸ್‌ಒ 13485. ಮೊದಲ ನಕ್ಷೆಯ ದಿನದಿಂದಲೇ ಅಪಾಯಗಳ ಕಡತ ತೆರೆಯಿರಿ, ಕೊನೆಗೆ ಕೂತು ಬರೆದ ಕಡತ ಯಾರಿಗೂ ಉಪಯೋಗವಿಲ್ಲ. ಭಾರತದಲ್ಲಿ ವೈದ್ಯಕೀಯ ಉಪಕರಣಗಳ ನಿಯಮಗಳು, 2017 ಅನ್ವಯಿಸುತ್ತವೆ. 2022ರ ಅಕ್ಟೋಬರ್ 1ರಿಂದ ಕಡಿಮೆ ಅಪಾಯದ ಎ ಮತ್ತು ಬಿ ವರ್ಗಗಳಿಗೂ, 2023ರ ಅಕ್ಟೋಬರ್ 1ರಿಂದ ಹೆಚ್ಚು ಅಪಾಯದ ಸಿ ಮತ್ತು ಡಿ ವರ್ಗಗಳಿಗೂ ಪರವಾನಗಿ ವ್ಯವಸ್ಥೆ ಜಾರಿಗೆ ಬಂದಿದೆ. ಕೇಂದ್ರ ಔಷಧ ನಿಯಂತ್ರಕರ ವರ್ಗೀಕರಣ ಪಟ್ಟಿಯಲ್ಲಿ ನಿಮ್ಮ ಟೇಬಲ್ ಮತ್ತು ಅದರ ಜೋಡಣೆಗಳ ವರ್ಗವನ್ನು ನೋಡಿಕೊಂಡು, ಅದಕ್ಕೆ ತಕ್ಕ ಕಾಗದಪತ್ರ ಸಿದ್ಧಪಡಿಸಿ. ಕಾಲೇಜು ಪ್ರಾಜೆಕ್ಟ್ ಎಂಬ ನೆಪದಲ್ಲಿ ಮಾದರಿಯ ಮೇಲೆ ರೋಗಿಯನ್ನು ಮಲಗಿಸುವಂತಿಲ್ಲ. ಮನುಷ್ಯರ ಮೇಲಿನ ಪರೀಕ್ಷೆಗೆ ಅನುಮತಿಯೂ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು.

ಪರೀಕ್ಷೆಗೆ ಮರಳಿನ ಮೂಟೆಗಳೇ ಸಾಕು. ಪೂರ್ತಿ ಭಾರವಿಟ್ಟು ಪ್ರತಿ ಸ್ಥಿತಿಯಲ್ಲೂ ಜೋಲು ಅಳೆಯಿರಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಮತ್ತೆ ಅಳೆಯಿರಿ. 5 ಡಿಗ್ರಿ ಇಳಿಜಾರಿನಲ್ಲಿ, ಅತಿ ಎತ್ತರದ ಸ್ಥಿತಿಯಲ್ಲಿ, ಟೇಬಲ್ ಮಗುಚಬಾರದು. ದಿನಕ್ಕೆ 10 ಬಾರಿಯಂತೆ ವರ್ಷಕ್ಕೆ 250 ದಿನ ಏರಿಳಿದರೆ 10 ವರ್ಷಕ್ಕೆ 25,000 ಸಲ. ಸ್ಕ್ರೂವನ್ನು ಅಷ್ಟು ಓಡಿಸಿ, ನಟ್ ಸವೆದ ಅಳತೆ ಬರೆದಿಡಿ.

ಹಸ್ತಾಂತರಕ್ಕೆ ಮೊದಲು ಓಟಿ ಸಿಬ್ಬಂದಿಯೊಂದಿಗೆ ಒಂದು ತಾಲೀಮು ನಡೆಸಿ. ಬೋರಲು ಮಲಗಿದ ರೋಗಿಯ ಹೃದಯ ನಿಂತರೆ ಕೂಡಲೇ ಅಂಗಾತ ಮಾಡಬೇಕಾಗಬಹುದು. ಅದಕ್ಕೆ ಸ್ಟ್ರೆಚರ್ ಓಟಿಯ ಬಾಗಿಲ ಬಳಿಯೇ ನಿಂತಿರಬೇಕು, ಟೇಬಲ್ ಅದರ ಎತ್ತರಕ್ಕೆ ಇಳಿಯಬೇಕು. ಬೊಂಬೆಯನ್ನು ಮಲಗಿಸಿ, ಕರೆಂಟು ತೆಗೆಸಿ, ಗಡಿಯಾರ ಹಿಡಿದು ಇದನ್ನು ಮಾಡಿಸಿ. ಯಾವ ಹಿಡಿಕೆಗಾಗಿ ಅವರ ಕೈ ತಡಕಾಡಿತೋ ಅದರ ಜಾಗವನ್ನು ಬದಲಿಸಿ, ಮತ್ತೊಮ್ಮೆ ಮಾಡಿಸಿದ ನಂತರವೇ ಸಹಿ ಹಾಕಿಸಿಕೊಳ್ಳಿ.